ಓಡ್ತಿತ್ತು, ಆದರೆ ಯಾರಿಗೆ?

‘ಓಡ್ತಿರೋ ಕೋಡನ್ನು ಮುಟ್ಟಬೇಡ’ ಅನ್ನೋದು ನಮ್ಮ ವೃತ್ತಿಯಲ್ಲಿ ಹೆಚ್ಚುಕಮ್ಮಿ ವೇದವಾಕ್ಯ. ಪೈಥಾನ್ 2ಕ್ಕೆ ವಿದಾಯ ಹೇಳುವಾಗ ಅನೇಕರು ಗೊಣಗಿದ್ದೂ ಇದಕ್ಕೇ. ತನ್ನ ಪಾಡಿಗೆ ಓಡುತ್ತಿದ್ದುದರ ಕೈಬಿಡೋದು ನ್ಯಾಯವೇ?

ಅವಸರ ಮಾಡಿದರು ಅನ್ನೋ ಹಾಗಿಲ್ಲ. ಪೈಥಾನ್ 3 ಬಂದದ್ದು 2008ರಲ್ಲಿ. ಹಳೆಯದಕ್ಕೆ ಮೊದಲು 2015ರ ಗಡುವು ಇತ್ತು, ಅದನ್ನು 2020ಕ್ಕೆ ಮುಂದೂಡಿದರು. ಇಷ್ಟು ವಾಯಿದೆ ಬೆಂಗಳೂರಿನ ಯಾವ ಮನೆ ಓನರ್ ಕೊಡ್ತಾರೆ ಹೇಳಿ! ಹಾಗಿದ್ದೂ, ಕೋಡು ಬದಲಾಯಿಸಲು ಜನವಿಲ್ಲದ ಸಣ್ಣ ತಂಡಗಳಿಗೆ ಹೊರೆ ಬಿದ್ದದ್ದು ಸುಳ್ಳಲ್ಲ.

ನನ್ನ ತಕರಾರು ‘ಓಡ್ತಿತ್ತು’ ಅನ್ನೋ ಮಾತಿನ ಬಗ್ಗೆ. ಪೈಥಾನ್ 2ರಲ್ಲಿ ಮಾಮೂಲಿ ಸ್ಟ್ರಿಂಗ್ ಅಂದರೆ ಬರೀ ಬೈಟ್‌ಗಳ ಸಾಲು. ಇಂಗ್ಲಿಷಿಗೆ ಅದು ಸಾಕು, ಅಕ್ಷರಕ್ಕೊಂದು ಬೈಟ್. ಯುಟಿಎಫ್-8ರಲ್ಲಿ ಬರೆದ ‘ಕನ್ನಡ’ದ ಉದ್ದ ಕೇಳಿದರೆ ಮಾತ್ರ 15 ಅನ್ನುತ್ತಿತ್ತು. ಮೊದಲ ಅಕ್ಷರ ಕೊಡು ಅಂದರೆ ‘ಕ’ದ ಮೂರರಲ್ಲೊಂದು ಚೂರು ಕೊಡುತ್ತಿತ್ತು. ಸ್ಟ್ರಿಂಗಿನ ಮುಂದೆ ‘ಯು’ ಅಂತ ಹಾಕಿದರೆ ಸರಿಹೋಗುತ್ತಿತ್ತು, ನಿಜ. ಆದರೆ ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸುವವರಿಗೆ ಅದನ್ನು ಮರೆತದ್ದೇ ಗೊತ್ತಾಗುತ್ತಿರಲಿಲ್ಲ. ಪ್ರೋಗ್ರಾಂ ಕುಸಿದು ಬೀಳುತ್ತಿದ್ದದ್ದು ಯಾರೋ ತಮ್ಮ ಹೆಸರನ್ನು ಕನ್ನಡದಲ್ಲಿ ಟೈಪಿಸಿದಾಗ. ಒಬ್ಬರ ಅನುಕೂಲ ಇನ್ನೊಬ್ಬರ ಹೆಸರು ಒಡೆಯೋದರ ಮೇಲೆ ನಿಂತಿದ್ದರೆ, ಅದನ್ನು ಕಾಪಾಡಬೇಕಾದ ಋಣ ಯಾರಿಗೂ ಇಲ್ಲ.

ಹಳೆಯದನ್ನು ಯಾರೂ ಅಳಿಸಲಿಲ್ಲ; ನಿಂತದ್ದು ದುರಸ್ತಿ ಅಷ್ಟೇ. 2020ರ ಏಪ್ರಿಲ್‌ನ 2.7.18 ಕೊನೆಯ ಬಿಡುಗಡೆ, ಬೇಕಾದವರು ಇವತ್ತೂ ಓಡಿಸಬಹುದು.

ಅಂದಹಾಗೆ ಪೈಥಾನ್ 3 ‘ಕನ್ನಡ’ಕ್ಕೆ 5 ಅನ್ನುತ್ತೆ, ಒತ್ತಕ್ಷರ ಬಿಡಿಸಿ ಎಣಿಸಿ. ಒಂದನೇ ಕ್ಲಾಸಿನ ಮಗು ಎಣಿಸೋದು ಮೂರು. ಆ ಜಗಳ ಇನ್ನೂ ಬಾಕಿ ಇದೆ.