ಖಾಲಿ ಜಾಗ ಕೇಳಿದವರು ಯಾರು?

ಪರಿಚಯದ ನಿವೃತ್ತ ಗಣಿತ ಮೇಷ್ಟ್ರೊಬ್ಬರು ಹೈಸ್ಕೂಲು ಮಕ್ಕಳಿಗಾಗಿ ರೇಖಾಗಣಿತದ ಪುಟ್ಟ ಪುಸ್ತಕವೊಂದನ್ನು ಬರೆದಿದ್ದರು. ಅದನ್ನು ಲೇಟೆಕ್ ಎಂಬ ಪುಟಜೋಡಣೆಯ ತಂತ್ರಾಂಶದಲ್ಲಿ ಜೋಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಕರಡನ್ನು ಪ್ರಿಂಟ್ ತೆಗೆದುಕೊಂಡು ಹೋಗಿ ಅವರ ಜಗಲಿಯಲ್ಲಿ ಕೂತು ತೋರಿಸಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪುಟ ತಿರುಗಿಸುತ್ತ ಬಂದವರು ಕಮಾನಿನ ಚಿತ್ರವೊಂದರ ಹತ್ತಿರ ನಿಂತರು. ಕಮಾನಿನ ನೆತ್ತಿಗೂ ಅದರ ಮೇಲಿನ ಸಾಲಿಗೂ ನಡುವೆ ಹೆಬ್ಬೆರಳನ್ನು ಅಡ್ಡ ಇಟ್ಟು ನೋಡಿದರು. ಬೆರಳು ಸಲೀಸಾಗಿ ಹಿಡಿಸಿತು.

“ಇಲ್ಲಿ ಏನಾದರೂ ಬಿಟ್ಟುಹೋಗಿದೆಯೇನಪ್ಪಾ?” ಎಂದರು.

ಏನೂ ಬಿಟ್ಟುಹೋಗಿರಲಿಲ್ಲ. ಮನೆಗೆ ಬಂದವನು ಅವಸರದಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಚಿತ್ರದ ತಲೆಯ ಮೇಲೆ ‘ಮೈನಸ್ ಒಂದು ಸೆಂಟಿಮೀಟರ್’ ಎಂಬ ಆಜ್ಞೆ ಬರೆದು ಅದನ್ನು ಮೇಲಕ್ಕೆ ಎಳೆದೆ. ಪುಟ ಚೊಕ್ಕಟವಾಯಿತು. ಮೂರು ದಿನ ಬಿಟ್ಟು ಮೇಷ್ಟ್ರು ಫೋನ್ ಮಾಡಿ, ಕಮಾನಿನ ತುದಿಗೆ ‘ಶೃಂಗ’ ಎಂದು ಹೆಸರು ಹಾಕಬೇಕೆಂದರು. ಹಾಕಿದೆ. ಆ ಶೃಂಗ ಸೀದಾ ಹೋಗಿ ಮೇಲಿನ ಸಾಲಿನ ಅಕ್ಷರಗಳ ಕಾಲಿಗೆ ತೊಡರಿಕೊಂಡಿತು. ಕಾರಣ ತಿಳಿಯದೆ ಮುಚ್ಚಿದ ತಪ್ಪು ಹೀಗೆಯೇ ಬೇರೆ ಬಾಗಿಲಿನಿಂದ ಒಳಗೆ ಬರುತ್ತದೆ. ಆಜ್ಞೆಯನ್ನು ಅಳಿಸಿ, ಆ ಖಾಲಿ ಜಾಗ ಎಲ್ಲಿಂದ ಬಂತೆಂದು ಹುಡುಕಲು ಕೂತೆ.

ಲೇಟೆಕ್‌ನ ಬುಡದಲ್ಲಿರುವ ಟೆಕ್ ಹುಟ್ಟಿದ್ದೂ ಕಣ್ಣಿಗೆ ಚುಚ್ಚಿದ ಪುಟಗಳಿಂದಲೇ. ಅಮೆರಿಕದ ಡೊನಾಲ್ಡ್ ಕ್ನೂತ್ 1977ರಲ್ಲಿ ತಮ್ಮ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಎರಡನೇ ಸಂಪುಟದ ಹೊಸ ಆವೃತ್ತಿಯ ಪ್ರೂಫ್ ನೋಡಿದರು. ಸೀಸದ ಮೊಳೆಗಳ ಕಾಲದಲ್ಲಿದ್ದ ಅಂದ ಆ ಹೊಸ ಬಗೆಯ ಜೋಡಣೆಯಲ್ಲಿ ಇರಲಿಲ್ಲ. ಸರಿ, ತಾವೇ ಒಂದು ವ್ಯವಸ್ಥೆ ಕಟ್ಟಲು ಹೊರಟರು. ವರ್ಷದೊಳಗೆ ಮುಗಿದೀತು ಅಂದುಕೊಂಡ ಕೆಲಸ ಹತ್ತು ವರ್ಷದಷ್ಟು ಎಳೆಯಿತು.

ಅವರು ಕಟ್ಟಿದ ವ್ಯವಸ್ಥೆಗೆ ಒಂದು ವಿಚಿತ್ರ ಸ್ವಭಾವವಿದೆ. ಪುಟ ಜೋಡಿಸುವಾಗ ಅದಕ್ಕೆ ಮಸಿ ಕಾಣುವುದಿಲ್ಲ, ಪೆಟ್ಟಿಗೆ ಮಾತ್ರ ಕಾಣುತ್ತದೆ. ‘ಅ’ ಎಂಬ ಅಕ್ಷರದ ಬಳುಕು ಅದಕ್ಕೆ ಗೊತ್ತಿಲ್ಲ; ಇಷ್ಟು ಅಗಲ, ಇಷ್ಟು ಎತ್ತರ, ಗೆರೆಯಿಂದ ಕೆಳಗೆ ಇಷ್ಟು ಆಳ ಎಂಬ ಮೂರು ಅಳತೆ ಗೊತ್ತು, ಅಷ್ಟೆ. ಚಿತ್ರವೂ ಅದರ ಪಾಲಿಗೆ ಒಂದು ದೊಡ್ಡ ಪೆಟ್ಟಿಗೆ. ‘ನನಗೆ ಇಷ್ಟು ಜಾಗ ಬೇಕು’ ಎಂದು ಪೆಟ್ಟಿಗೆ ಹೇಳಿದರೆ ಟೆಕ್ ನಂಬಿ ಅಷ್ಟನ್ನೂ ಬಿಟ್ಟುಕೊಡುತ್ತದೆ. ನಮ್ಮ ಸರ್ಕಾರಿ ಬಸ್ಸುಗಳಲ್ಲಿ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ. ಟವೆಲ್ ಇದ್ದ ಮೇಲೆ ಸೀಟು ಭರ್ತಿ. ಆಸಾಮಿ ಇನ್ನೂ ಕೆಳಗೆ ಬೀಡಿ ಸೇದುತ್ತಿರಬಹುದು, ಅಥವಾ ಬೇರೆ ಬಸ್ಸು ಹತ್ತಿ ಹೋಗಿರಲೂಬಹುದು.

ನನ್ನ ಕಮಾನು ಎಸೆದಿದ್ದ ಟವೆಲ್ ಯಾವುದು? ಚಿತ್ರ ಬರೆದದ್ದು ಟಿಕ್‌ಝಡ್‌ನಲ್ಲಿ. ಜರ್ಮನಿಯ ಟಿಲ್ ಟಾಂಟಾವ್ ರೂಪಿಸಿದ ಇದರ ಹೆಸರಿನ ಅರ್ಥವೇ ‘ಟಿಕ್‌ಝಡ್ ಚಿತ್ರ ಬಿಡಿಸುವ ಪ್ರೋಗ್ರಾಂ ಅಲ್ಲ’ ಎಂದು. ಇಲ್ಲಿ ಕೈಯಿಂದ ಗೆರೆ ಎಳೆಯುವ ಹಾಗಿಲ್ಲ, ಈ ಬಿಂದುವಿನಿಂದ ಆ ಬಿಂದುವಿಗೆ ಎಂದು ಬರೆದು ಹೇಳಬೇಕು. ಹೇಳಿದ ಬಿಂದುಗಳನ್ನೆಲ್ಲ ಸುತ್ತುವರಿಯುವ ಒಂದು ಆಯತವನ್ನು ಅದು ಲೆಕ್ಕ ಹಾಕಿ ‘ಇದೇ ನನ್ನ ಪೆಟ್ಟಿಗೆ’ ಎಂದು ಟೆಕ್‌ಗೆ ಒಪ್ಪಿಸುತ್ತದೆ. ಕಣ್ಣಿಗೆ ಕಾಣದ ಆ ಆಯತವನ್ನು ಕೆಂಪು ಗೆರೆಯಲ್ಲಿ ಬರೆಸಿ ನೋಡಿದೆ. ಕಮಾನಿನ ತಲೆಯ ಮೇಲೆ ಪೂರಾ ಒಂದು ಸೆಂಟಿಮೀಟರ್ ಆಕಾಶವನ್ನು ಅದು ತನ್ನದೆಂದು ಬೇಲಿ ಹಾಕಿಕೊಂಡಿತ್ತು.

ಲೆಕ್ಕ ಸರಳ. ಕಮಾನಿನ ಎಡಗಾಲು ಸೊನ್ನೆಯಲ್ಲಿ, ಬಲಗಾಲು 4 ಸೆಂ.ಮೀ. ದೂರದಲ್ಲಿ. ಎರಡೂ ಕಾಲುಗಳ ನೇರಕ್ಕೆ 4 ಸೆಂ.ಮೀ. ಎತ್ತರದಲ್ಲಿ ಎರಡು ನಿಯಂತ್ರಣ ಬಿಂದುಗಳು. ಇವು ಗೆರೆಯ ಮೇಲಿರುವುದಿಲ್ಲ. ದೂರ ನಿಂತು ಗೆರೆಯನ್ನು ತಮ್ಮ ಕಡೆಗೆ ಎಳೆಯುತ್ತವೆ. ಹಬ್ಬದ ದಿನ ಅಂಗಳದಲ್ಲಿ ಬಳ್ಳಿಯ ರಂಗೋಲಿ ಹಾಕುವವರನ್ನು ನೋಡಿ, ಎಳೆ ಚುಕ್ಕಿಗಳನ್ನು ಸುತ್ತಿ ಬಳಸಿ ಹೋಗುತ್ತದೆ, ಒಂದನ್ನೂ ಮುಟ್ಟುವುದಿಲ್ಲ. ಆದರೆ ಚುಕ್ಕಿ ಇಲ್ಲದೆ ಆ ಬಳುಕಿಲ್ಲ. ನನ್ನ ಚುಕ್ಕಿಗಳು 4ರಲ್ಲಿ ನಿಂತು ಎಳೆದರೂ ಕಮಾನು ಏರಿದ್ದು ಸರಿಯಾಗಿ 3 ಸೆಂ.ಮೀ. ನಟ್ಟನಡುವೆ, ನೆತ್ತಿಯಲ್ಲಿ, ನಿಯಂತ್ರಣ ಬಿಂದುಗಳ ಮಾತು ನಡೆಯುವುದು ಮುಕ್ಕಾಲು ಪಾಲು ಮಾತ್ರ. ಉಳಿದ ಕಾಲು ಪಾಲು ನೆಲದಲ್ಲಿ ಊರಿರುವ ಎರಡು ಕಾಲುಗಳದ್ದು. ಟಿಕ್‌ಝಡ್ ಈ ಸೂಕ್ಷ್ಮಕ್ಕೆ ಹೋಗದೆ, ಎಳೆದ ಬಿಂದುವನ್ನೂ ಬಂದ ಗೆರೆಯನ್ನೂ ಒಂದೇ ಎಂದು ಎಣಿಸಿ 4 ಸೆಂ.ಮೀ. ಕೇಳಿತ್ತು.

ಆ ಕೆಂಪು ಗೆರೆಯನ್ನು ನೋಡುತ್ತ ನನಗೆ ನಮ್ಮಪ್ಪ ನೆನಪಾದರು. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದ ಅವರಿಗೆ ಮಗ ಡಾಕ್ಟರಾಗಬೇಕಿತ್ತು. ಎಳೆದರು, ತಮ್ಮ ಕೈಲಾದಷ್ಟೂ ಎಳೆದರು. ನಾನು ಬಿಎಸ್ಸಿವರೆಗೆ ಏರಿ ಬಾಗಿದೆ. ಮನೆಯಲ್ಲಿ ಯಾರೂ ಬೈಯಲಿಲ್ಲ. ಆದರೆ ಅವರು ಕಣ್ಣುಮುಚ್ಚುವ ತನಕ ನಮ್ಮಿಬ್ಬರ ನಡುವೆ ಆ ಒಂದು ಸೆಂಟಿಮೀಟರ್ ಖಾಲಿ ಬಿದ್ದಿತ್ತು. ಅವರು ಅದನ್ನು ನನ್ನ ಸೋಲೆಂದು ನೋಡಿದರು, ನಾನು ಅವರ ಹಟವೆಂದು ನೋಡಿದೆ. ಇಬ್ಬರ ಲೆಕ್ಕವೂ ತಪ್ಪು. ಅವರು ಎಳೆಯದೇ ಇದ್ದಿದ್ದರೆ ನನ್ನ ಗೆರೆ ನೆಲ ಬಿಟ್ಟು ಏಳುತ್ತಲೇ ಇರಲಿಲ್ಲ. ನಿಯಂತ್ರಣ ಬಿಂದುಗಳನ್ನು ಕೆಳಗಿಳಿಸಿ ನೆಲದ ಮೇಲೇ ಇಟ್ಟು ನೋಡಿ, ಕಮಾನು ಮಲಗಿ ಹಲಗೆಯಾಗುತ್ತದೆ. ಇನ್ನು ಏರದೆ ಉಳಿದ ಆ ಕಾಲು ಪಾಲು ಎಲ್ಲೂ ಕಳೆದುಹೋಗಿರಲಿಲ್ಲ. ಅದು ನಾನು ನಿಂತ ನೆಲದ ಪಾಲಾಗಿತ್ತು.

ಟಿಕ್‌ಝಡ್‌ನಲ್ಲಿ ಇದಕ್ಕೆ ಮದ್ದಿದೆ. ‘ಬೆಝಿಯರ್ ಬೌಂಡಿಂಗ್ ಬಾಕ್ಸ್’ ಎಂಬ ಸೂಚನೆ ಕೊಟ್ಟರೆ ಪೆಟ್ಟಿಗೆಯನ್ನು ಗೆರೆ ಏರಿದಷ್ಟಕ್ಕೇ ಅಳೆಯುತ್ತದೆ. ಇದರ ಸೊಗಸೆಂದರೆ ಇದು ನಿಯಂತ್ರಣ ಬಿಂದುಗಳನ್ನು ಮುಟ್ಟುವುದಿಲ್ಲ. ಅವು ಇದ್ದಲ್ಲೇ ಇದ್ದು ಎಳೆಯುತ್ತಲೇ ಇರುತ್ತವೆ, ಗೆರೆ ಒಂದು ಕೂದಲೆಳೆಯಷ್ಟೂ ಕದಲುವುದಿಲ್ಲ. ಬದಲಾದದ್ದು ಅಳತೆಗೋಲು ಮಾತ್ರ. ಅಂದಹಾಗೆ ಈ ವಕ್ರರೇಖೆಗೆ ರೆನೋ ಕಾರು ಕಂಪನಿಯ ಪಿಯರ್ ಬೆಝಿಯರ್ ಅವರ ಹೆಸರಿದೆ. ಅವರಿಗಿಂತ ಮೊದಲೇ ಸಿಟ್ರೋಯೆನ್ ಕಂಪನಿಯಲ್ಲಿ ಪಾಲ್ ದ ಕಾಸ್ತೆಲ್ಜೋ ಇದನ್ನು ಕಂಡುಕೊಂಡಿದ್ದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತ್ತು. ಗೆರೆಯ ಹೊರಗೇ ಉಳಿದುಹೋದ ಬಿಂದು ಆತ.

ಎಲ್ಲ ಖಾಲಿಯ ಹಿಂದೆಯೂ ಇಷ್ಟು ದೊಡ್ಡ ಕತೆ ಇರುವುದಿಲ್ಲ. ಇನ್ನೊಂದು ಚಿತ್ರದ ಬಲಕ್ಕೆ ಬಿದ್ದಿದ್ದ ಬಯಲು ನನ್ನದೇ ಸೋಮಾರಿತನ. ಎರಡು ರೇಖೆಗಳು ಸಂಧಿಸುವ ಜಾಗ ಹುಡುಕಲು ದೂರದಲ್ಲೊಂದು ಸಹಾಯಕ ಬಿಂದು ಇಟ್ಟಿದ್ದೆ. ಕೆಲಸ ಮುಗಿದ ಮೇಲೆ ತೆಗೆದಿರಲಿಲ್ಲ. ಗೃಹಪ್ರವೇಶವಾದ ಮೇಲೂ ಸಾರುವೆ ಕಂಬ ಬಿಚ್ಚದ ಮನೆಯ ಹಾಗೆ. ಮತ್ತೊಂದು ಕಡೆ ಚಿತ್ರ ಕೂದಲೆಳೆಯಷ್ಟು ಎಡಕ್ಕೆ ವಾಲಿತ್ತು. ಚಿತ್ರವನ್ನು ಚೌಕಟ್ಟಿನೊಳಗೆ ಕೂರಿಸುವಾಗ ಸಾಲಿನ ಕೊನೆಯಲ್ಲಿ ಶೇಕಡಾ ಚಿಹ್ನೆ ಹಾಕಲು ಮರೆತಿದ್ದೆ. ಆ ಚಿಹ್ನೆ ಇಲ್ಲದಿದ್ದರೆ ಟೆಕ್ ಸಾಲಿನ ಕೊನೆಯನ್ನೂ ಒಂದು ತೆರಪು ಎಂದೇ ಓದುತ್ತದೆ. ಕ್ನೂತ್ ಅವರ ಕಂಪ್ಯೂಟರ್ ಮಾಡರ್ನ್ ಅಕ್ಷರದ 10 ಪಾಯಿಂಟ್ ಗಾತ್ರದಲ್ಲಿ ಅದು 3.33 ಪಾಯಿಂಟ್, ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಮಾತಿನ ಕೊನೆಯಲ್ಲಿ ಎಳೆಯುವ ಉಸಿರೂ ಲೆಕ್ಕಕ್ಕೆ ಬರುತ್ತದೆ ಅನ್ನುವುದು ನಮಗೆ ಅಲ್ಲಿಯವರೆಗೆ ಗೊತ್ತೇ ಇರುವುದಿಲ್ಲ.

ಕತ್ತರಿಸುವುದರಲ್ಲೂ ಮೋಸವಿದೆ. ಹೊರಗಿನಿಂದ ತಂದ ಚಿತ್ರಕ್ಕೆ ‘ಟ್ರಿಮ್’ ಎಂದು ನಾಲ್ಕು ಅಳತೆ ಕೊಟ್ಟರೆ ಪೆಟ್ಟಿಗೆ ಕಿರಿದಾಗುತ್ತದೆ. ಜೊತೆಗೆ ‘ಕ್ಲಿಪ್’ ಎನ್ನದಿದ್ದರೆ ಮಸಿ ಮಾತ್ರ ಇದ್ದಷ್ಟೇ ಇರುತ್ತದೆ. ಕಾಗದದ ಮೇಲೆ ಸಣ್ಣವನು, ಹರಡಿಕೊಳ್ಳುವುದು ಪಕ್ಕದ ಸಾಲಿನ ಮೇಲೆ. ಪಹಣಿಯಲ್ಲಿ ಎರಡೆಕರೆ ತೋರಿಸಿ, ವರ್ಷಕ್ಕೊಂದು ನೇಗಿಲ ಸಾಲಿನಂತೆ ನೆರೆಯವನ ಬದು ಒತ್ತುತ್ತ ಹೋಗುವವರ ಜಾತಿ ಇದು. ‘ನನಗೇನೂ ಬೇಡ, ಒಂದು ಮೂಲೆ ಸಾಕು’ ಎಂದು ಹೇಳಿಕೊಂಡು ಮನೆಮಂದಿಯ ದಿನವನ್ನೆಲ್ಲ ಆವರಿಸಿಕೊಳ್ಳುವವರನ್ನು ನಾನು ನೋಡಿದ್ದೇನೆ. ಕೆಲವು ಸಲ ಕನ್ನಡಿಯಲ್ಲೂ ನೋಡಿದ್ದೇನೆ.

ಇನ್ನೊಂದು ಕಡೆಗೆ ಅತಿಯಾದರೆ ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗೆ. ಸಂಖ್ಯಾರೇಖೆಯ ಚಿತ್ರವೊಂದಕ್ಕೆ ಮೊದಲು ಇಂಗ್ಲಿಷ್ ಹೆಸರುಗಳಿದ್ದವು. ಕೆಳಗಿನ ಅಂಚನ್ನು ಅವಕ್ಕೆ ತಕ್ಕಂತೆ ಕತ್ತರಿಸಿದ್ದೆ. ಆಮೇಲೆ ಕನ್ನಡ ಹೆಸರು ಹಾಕಿದಾಗ ಅಳತೆ ಬದಲಿಸಲಿಲ್ಲ. ಅಚ್ಚಾಗಿ ಬಂದದ್ದನ್ನು ನೋಡಿದರೆ ‘ಸೊನ್ನೆ’ ಹೋಗಿ ‘ಸೊನೆ’ ಆಗಿತ್ತು. ಕೆಳಗೆ ಇಳಿಬಿದ್ದ ನ ಒತ್ತನ್ನು ಕತ್ತರಿ ನುಂಗಿತ್ತು. ಮಾವಿನಕಾಯಿಯ ತೊಟ್ಟಿನಿಂದ ಒಸರುವ ಸೊನೆಯ ಎಡಬಲಕ್ಕೆ ಋಣ ಸಂಖ್ಯೆ, ಧನ ಸಂಖ್ಯೆಗಳು ಸಾಲಾಗಿ ನಿಂತಿದ್ದವು. ಬೇರೆಯವರಿಗೆ ವ್ಯರ್ಥವಾದ ಆ ಎರಡು ಮಿಲಿಮೀಟರು ನಮ್ಮ ಅಕ್ಷರಕ್ಕೆ ಕಾಲೂರುವ ಜಾಗ.

ಇಷ್ಟೆಲ್ಲ ಆದ ಮೇಲೆ, ಒಂದೊಂದಕ್ಕೂ ಕಾರಣ ಹುಡುಕುತ್ತ ಕೂರುವ ತಾಳ್ಮೆ ನನಗೆ ಮುಗಿಯಿತು. ಪಿಡಿಎಫ್‌ಕ್ರಾಪ್ ಎಂಬ ಸಾಧನವಿದೆ. ಅದು ಟೆಕ್‌ನ ತದ್ವಿರುದ್ಧ: ಯಾರು ಎಷ್ಟು ಕೇಳಿದರು ಎಂಬುದನ್ನು ಲೆಕ್ಕಿಸದೆ ಮಸಿ ಎಲ್ಲಿದೆಯೋ ಅಷ್ಟಕ್ಕೇ ಕತ್ತರಿಸುತ್ತದೆ. ಪುಸ್ತಕದ ಎಲ್ಲ ಚಿತ್ರಗಳನ್ನೂ ಒಂದೇ ಏಟಿಗೆ ಅದರ ಬಾಯಿಗೆ ಕೊಟ್ಟು ಮಲಗಿದೆ.

ಪುಸ್ತಕದಲ್ಲಿ ಸಮಬಾಹು ತ್ರಿಭುಜ ರಚಿಸುವ ಪಾಠವಿತ್ತು. ಯೂಕ್ಲಿಡ್‌ನ ಗ್ರಂಥದ ಮೊದಲ ಪ್ರಮೇಯವೇ ಈ ರಚನೆ. ನಾಲ್ಕು ಹಂತ, ಒಂದೊಂದು ಪುಟಕ್ಕೆ ಒಂದೊಂದು: ಮೊದಲು 5 ಸೆಂ.ಮೀ.ನ ಪಾದ, ಆಮೇಲೆ ಎಡತುದಿಯಲ್ಲಿ ಕೈವಾರ ಊರಿ ಒಂದು ಕಂಸ, ಬಲತುದಿಯಿಂದ ಇನ್ನೊಂದು, ಕೊನೆಗೆ ಅವು ಕೂಡಿದ ಜಾಗಕ್ಕೆ ಎರಡು ಗೆರೆ. ಮಕ್ಕಳು ಪುಟ ಸರಸರನೆ ತಿರುಗಿಸಿದರೆ ತ್ರಿಭುಜ ಕಣ್ಣೆದುರೇ ಏಳಬೇಕು, ಅದು ಮೇಷ್ಟ್ರ ಆಸೆ. ಬೆಳಗ್ಗೆ ಎದ್ದು ತಿರುಗಿಸಿ ನೋಡಿದೆ. ಮೊದಲ ಪುಟದಲ್ಲಿ ಪಾದ ಪುಟದ ತಲೆಗೆ ಅಂಟಿಕೊಂಡಿತ್ತು. ಎರಡನೆಯದರಲ್ಲಿ ಧಡಕ್ಕನೆ ಕೆಳಗೆ ಬಿತ್ತು. ತ್ರಿಭುಜ ಏಳುವ ಬದಲು ನೆಲವೇ ಕುಸಿಯುತ್ತಿತ್ತು. ಮೊದಲ ಹಂತದ ಮೇಲಿದ್ದ ನಾಲ್ಕು ಸೆಂಟಿಮೀಟರಿಗೂ ಹೆಚ್ಚಿನ ಬಯಲನ್ನು ಸಾಧನ ವ್ಯರ್ಥವೆಂದು ತೆಗೆದುಹಾಕಿತ್ತು. ಅದು ಇನ್ನೂ ಬಾರದ ಶೃಂಗಕ್ಕೆ ಕಾಯ್ದಿಟ್ಟ ಜಾಗ ಎಂದು ಮಸಿಯನ್ನು ಮಾತ್ರ ನೋಡುವ ಕಣ್ಣಿಗೆ ತಿಳಿಯುವುದಾದರೂ ಹೇಗೆ?

ಚಿಕ್ಕಂದಿನಲ್ಲಿ ರಜೆಗೆ ಹೋದಾಗ ಸೋದರಮಾವನ ಜೊತೆ ಪ್ರೆಸ್ಸಿಗೆ ಹೋಗುತ್ತಿದ್ದೆ. ಅವರು ಅಲ್ಲಿ ಮೊಳೆ ಜೋಡಿಸುತ್ತಿದ್ದರು. ಒಂದು ಖಾನೆಯ ತುಂಬ ನುಣ್ಣನೆಯ, ತಲೆಯ ಮೇಲೆ ಏನೂ ಇಲ್ಲದ ಸೀಸದ ತುಂಡುಗಳು.

“ಮಾವ, ಇದರಲ್ಲಿ ಅಕ್ಷರಾನೇ ಇಲ್ವಲ್ಲ?”

“ಅಕ್ಷರ ಇಲ್ಲದ ಜಾಗಕ್ಕೂ ಮೊಳೆ ಬೇಕು ಕಣೋ. ಇಲ್ಲಾಂದ್ರೆ ಅಕ್ಷರ ನಿಲ್ಲಲ್ಲ.”

ಒಂದು ತುಂಡನ್ನು ನನ್ನ ಅಂಗೈಯಲ್ಲಿಟ್ಟಿದ್ದರು. ಖಾಲಿ ಜಾಗ ಅಷ್ಟು ಭಾರವಿರುತ್ತದೆಂದು ಅವತ್ತೇ ಗೊತ್ತಾಗಿದ್ದು. ಹಾಗಿದ್ದೂ ಮರೆತಿದ್ದೆ.

ಪಿಡಿಎಫ್‌ಕ್ರಾಪ್ ಕತ್ತರಿಸಿದ್ದನ್ನೆಲ್ಲ ಬದಿಗಿಟ್ಟು ಮೂಲ ಚಿತ್ರಗಳನ್ನು ಮತ್ತೆ ತೆರೆದೆ. ಸಾರುವೆ ಕಂಬ ಬಿಚ್ಚಿದೆ, ಸಾಲಿನ ತುದಿಗಳಿಗೆ ಶೇಕಡಾ ಚಿಹ್ನೆ ಹಾಕಿದೆ, ಕಮಾನನ್ನು ಅದು ಏರಿದಷ್ಟಕ್ಕೇ ಅಳೆದೆ, ಸೊನ್ನೆಗೆ ಅದರ ಒತ್ತು ಮರಳಿಸಿದೆ. ತ್ರಿಭುಜದ ನಾಲ್ಕೂ ಹಂತಗಳಿಗೆ ಕೊನೆಯ ಹಂತದ ಪೆಟ್ಟಿಗೆಯನ್ನೇ ಮೊದಲ ಸಾಲಿನಲ್ಲಿ ಬರೆದುಕೊಟ್ಟೆ. ಹೊಸ ಪ್ರಿಂಟ್ ಹಿಡಿದು ಮತ್ತೆ ಅದೇ ಜಗಲಿಗೆ ಹೋದೆ.

ಮೇಷ್ಟ್ರು ಕಮಾನಿನ ಪುಟ ನೋಡಿ ತಲೆಯಾಡಿಸಿದರು. ತ್ರಿಭುಜದ ಪಾಠಕ್ಕೆ ಬಂದರು. ಮೊದಲ ಪುಟದ ಕೆಳಗೆ ಒಂದು ಗೆರೆ, ಮೇಲೆಲ್ಲ ಬರೀ ಬಿಳಿ. ಈ ಸಲ ಹೆಬ್ಬೆರಳು ಸಾಲದೆ ಇಡೀ ಅಂಗೈಯನ್ನೇ ಆ ಬಯಲಿನ ಮೇಲಿಟ್ಟರು.

“ಇಲ್ಲಿ ಮತ್ತೆ ಜಾಸ್ತಿ ಬಿಟ್ಟಿದ್ದೀಯಲ್ಲೋ?”

“ಪುಟ ತಿರುಗಿಸಿ ಮೇಷ್ಟ್ರೇ” ಎಂದೆ.