ಇಂದಿನ ಚಿಂತನೆ: ಕೋವಿಗೆ ದುರ್ಬೀನು ಕೂರಿಸುವ ಮೊದಲು



ಇವತ್ತಿನ ಚಿಂತನೆ ಪಂಚಶೀಲದ ಮೊದಲ ಶೀಲದ ಬಗ್ಗೆ. ಜೀವ ತೆಗೆಯುವುದರಿಂದ ದೂರ ಇರುತ್ತೇನೆ ಎಂದು ಪ್ರತಿ ಭಾನುವಾರ ವಂದನೆಯಲ್ಲಿ ನಾವೆಲ್ಲ ಹೇಳುತ್ತೇವೆ. ಹೇಳಿ ಹೇಳಿ ಬಾಯಿಗೆ ರೂಢಿಯಾಗಿಬಿಟ್ಟಿದೆ. ಕಳೆದ ವಾರ ಅದೇ ಶೀಲ ನಮ್ಮ ಮನೆಯ ಅಂಗಳದಲ್ಲಿ ಪ್ರಶ್ನೆಯಾಗಿ ಎದುರು ನಿಂತಿತು.

ನನ್ನ ಅಕ್ಕನ ಮಗನಿಗೆ ಕಳಸದ ಹತ್ತಿರ ಎರಡೂವರೆ ಎಕರೆ ಜಮೀನಿದೆ. ಬಗರ್‌ಹುಕುಂನಲ್ಲಿ ಅದು ಮಂಜೂರಾಗಲು ಅವನ ಅಪ್ಪ ಎಷ್ಟು ವರ್ಷ ಕಚೇರಿ ಮೆಟ್ಟಿಲು ಹತ್ತಿದರೋ ನಮಗೆ ಗೊತ್ತು. ಒಂದಷ್ಟು ಕಾಫಿ, ಕಾಳುಮೆಣಸು, ಕೆಳಗೆ ಒಂದು ತುಂಡು ಗದ್ದೆ. ಹಂದಿ ಕಾಟಕ್ಕೆಂದು ಬೆಳೆ ರಕ್ಷಣೆಯ ಪರವಾನಗಿ ಮಾಡಿಸಿಕೊಂಡು, 12 ಬೋರಿನ ಹಳೆಯ ಪಂಪ್ ಕೋವಿಯೊಂದನ್ನು ಕೊಂಡಿದ್ದಾನೆ. ನಮ್ಮ ಕಡೆ ಹೆಚ್ಚಾಗಿ ಕಾಣುವುದು ಒಂಟಿ ನಳಿಗೆ, ಜೋಡಿ ನಳಿಗೆಯ ಕೋವಿಗಳು. ಇದರಲ್ಲಿ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಬಿದ್ದು ಹೊಸದು ಒಳಗೆ ಕೂರುತ್ತದೆ. ಚುನಾವಣೆ ಬಂದಾಗ ಎಲ್ಲರಂತೆ ಅವನೂ ಠಾಣೆಗೆ ಹೋಗಿ ಕೋವಿ ಜಮಾ ಮಾಡುತ್ತಾನೆ. ಆ ಸಾಲಿನಲ್ಲಿ ತೋಟದ ಮಾಲೀಕರ ಪಕ್ಕ ನಿಲ್ಲುವುದು ಅವನಿಗೆ ಹೆಮ್ಮೆ. ನಿಜ ಹೇಳಬೇಕೆಂದರೆ ನನಗೂ.

ಕಳೆದ ಭಾನುವಾರ ವಂದನೆ ಮುಗಿದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ತಂದ. ಒಳಗೆ ಒಂದು ಗೇಣು ಉದ್ದದ ಕಪ್ಪು ಕೊಳವೆ. ಕೋವಿಯ ಮೇಲೆ ಕೂರಿಸುವ ದುರ್ಬೀನು. ಹುಡುಗರು ಸ್ಕೋಪ್ ಅನ್ನುತ್ತಾರೆ. "ಲೇತ್‌ನವರ ಹತ್ರ ಮಾತಾಡಿದೀನಿ ಮಾವ. ಮೇಲೆ ನಾಲ್ಕು ತೂತು ಕೊರೆದು ಪಟ್ಟಿ ಕೂರಿಸಿ ಕೊಡ್ತಾರಂತೆ" ಎಂದ. ಯಾಕೋ ಎಂದೆ. "ಗುಡ್ಡದ ಅಂಚಿಗೆ ಬೆಳಿಗ್ಗೆ ಕಡವೆ ಬರ್ತವೆ. ಬರೀ ಕಣ್ಣಿಗೆ ಗುರಿ ಸಿಗಲ್ಲ" ಎಂದ. ಆಮೇಲೆ ನನ್ನ ಮುಖ ನೋಡಿ, "ಇದ್ರಲ್ಲಿ ತಪ್ಪೇನಿದೆ ಹೇಳಿ ಮಾವ" ಎಂದ.

ಆ ಕೊಳವೆಯನ್ನು ಕೈಗೆ ತೆಗೆದುಕೊಂಡು ಎದುರಿನ ಗುಡ್ಡದ ಕಡೆ ಹಿಡಿದೆ. ಅರೇಬಿಕಾ ಕೊಯ್ಲು ನಡೆಯುತ್ತಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಬಿಡಿಸುತ್ತಿದ್ದ ಹೆಂಗಸೊಬ್ಬಳು ತಟ್ಟನೆ ಹತ್ತಿರ ಬಂದಳು. ನಮ್ಮ ಶಾಲೆಯ ಹುಡುಗಿಯೊಬ್ಬಳ ತಾಯಿ. ಹಣೆಯ ಬೆವರು ಒರೆಸಿಕೊಂಡದ್ದು ಕೂಡ ಕಾಣಿಸಿತು. ಅವಳ ಎದೆಯ ಮೇಲೆ ಎರಡು ಕಪ್ಪು ಗೆರೆಗಳು ಅಡ್ಡ ಉದ್ದ ಕೂಡಿದ್ದವು. ಕೈಯಲ್ಲಿ ಕೋವಿ ಇರಲಿಲ್ಲ, ಬರೀ ಗಾಜಿನ ಕೊಳವೆ. ಆದರೂ ಕೈ ನಡುಗಿ ಕೆಳಗಿಳಿಸಿದೆ. ಅವನ ಪ್ರಶ್ನೆಗೆ ಆವತ್ತು ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ವಾರವೆಲ್ಲ ಯೋಚಿಸಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಮಾಂಸ ತಿನ್ನುವವರು ಕೀಳು ಎಂದು ನಮ್ಮ ಹಿರಿಯರನ್ನು ದೂರ ಇಟ್ಟವರ ವಾದ ನನ್ನದಲ್ಲ. ನಾನೂ ಮಾಂಸ ತಿನ್ನುತ್ತೇನೆ. ಆಯುಧ ಮುಟ್ಟಬಾರದು ಎಂಬ ಮಾತನ್ನೂ ನಮ್ಮವರಿಗೆ ನಾನು ಹೇಳಲಾರೆ. ಚಾತುರ್ವರ್ಣ್ಯ ಕೆಳಗಿನವರ ಕೈಯಿಂದ ಆಯುಧ ಕಿತ್ತುಕೊಂಡಿತು, ಅದರಿಂದಲೇ ಅವರು ದಂಗೆ ಏಳಲಾಗಲಿಲ್ಲ ಎಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ತೋರಿಸಿಕೊಟ್ಟಿದ್ದಾರೆ. ನಮ್ಮ ಹುಡುಗನೊಬ್ಬನ ಹೆಸರಿಗೆ ಸರ್ಕಾರ ಕೋವಿ ಪರವಾನಗಿ ಕೊಟ್ಟಿದೆ ಎಂದರೆ ಅದು ಸಣ್ಣ ಸಂಗತಿಯಲ್ಲ. ಹಾಗಾಗಿ ಪ್ರಶ್ನೆ ಕೋವಿಯದಲ್ಲ, ಅದರ ಮೇಲೆ ಕೂರಲಿರುವ ದುರ್ಬೀನಿನದು.

ಈಗ ಆ ಕೋವಿಯನ್ನೇ ನೋಡೋಣ. ಪಂಪ್ ಕೋವಿಯ ನಳಿಗೆಯ ಒಳಮೈ ನುಣುಪು. ರೈಫಲ್‌ನಂತೆ ಸುರುಳಿ ಗೆರೆ ಇಲ್ಲ. ಚರೆ ತುಂಬಿದ ತೋಟಾ ಹೊಡೆದರೆ ಸೀಸದ ಗುಂಡುಗಳು ಹರಡುತ್ತಾ ಹೋಗುತ್ತವೆ. ನಲವತ್ತು ಗಜ ದಾಟಿದರೆ ಅದನ್ನು ನಂಬುವಂತಿಲ್ಲ. ಅದಕ್ಕೇ ಈ ಕೋವಿಯ ತುದಿಯಲ್ಲಿ ಒಂದು ಚಿಕ್ಕ ಮಣಿ ಮಾತ್ರ ಇರುತ್ತದೆ. ಹತ್ತಿರದಲ್ಲಿ ಓಡುವುದರ ಕಡೆ ತಟ್ಟನೆ ತೋರಿಸಲು ಅಷ್ಟು ಸಾಕು. ದುರ್ಬೀನು ಕೂರಿಸಿದರೆ ಚರೆಯಿಂದ ಪ್ರಯೋಜನವಿಲ್ಲ, ಒಂಟಿ ಗುಂಡಿನ ತೋಟಾ ಬೇಕು. ಕೆನ್ನೆ ಇಡುವ ಮರದ ಹಿಡಿಯೂ ತಗ್ಗಾಗುತ್ತದೆ, ತಲೆ ಎತ್ತಿ ನೋಡಬೇಕು. ಕಣ್ಣು ಗಾಜಿನಿಂದ ಮೂರು ನಾಲ್ಕು ಅಂಗುಲ ದೂರ ಇರದಿದ್ದರೆ, 12 ಬೋರಿನ ಒದೆತಕ್ಕೆ ಹುಬ್ಬು ಒಡೆಯುತ್ತದೆ. ಅದೇ ಒದೆತಕ್ಕೆ ತಿರುಪುಗಳು ಸಡಿಲವಾಗುತ್ತವೆ. ಆಮೇಲೆ ಗುರಿ ಕೂರಿಸುವ ಕೆಲಸ. ಅಳತೆಯ ದೂರದಲ್ಲಿ ಕಾಗದ ಕಟ್ಟಿ, ಒಂದೊಂದೇ ಈಡು ಹೊಡೆದು, ಗುಂಡು ಎಲ್ಲಿ ಬಿತ್ತೆಂದು ನೋಡಿ, ಗುಬುಟು ತಿರುಗಿಸಿ, ಮತ್ತೆ ಹೊಡೆದು ಸರಿಮಾಡಬೇಕು.

ಇಷ್ಟೆಲ್ಲ ಯಾವ ಬೆಳೆ ಉಳಿಸಲಿಕ್ಕೆ? ಗದ್ದೆಗೆ ಹಂದಿ ಬರುವುದು ರಾತ್ರಿ, ಕತ್ತಲಲ್ಲಿ, ಹತ್ತಿರದಲ್ಲಿ. ಆ ಕತ್ತಲಲ್ಲಿ ಈ ಹಗಲು ದುರ್ಬೀನಿನಿಂದ ಏನೂ ಕಾಣುವುದಿಲ್ಲ. ಹಂದಿ ಓಡಿಸಲು ಒಂದು ಈಡಿನ ಸದ್ದು ಸಾಕು. ಕಾಫಿ ಗಿಡದ ನಡುವೆ ನೂರು ಗಜ ದೂರ ಕಣ್ಣೇ ಹಾಯುವುದಿಲ್ಲ. ಈ ಗಾಜು ಉಪಯೋಗಕ್ಕೆ ಬರುವುದು ಒಂದೇ ಕಡೆ. ಬೆಳಗಿನ ಬೆಳಕಲ್ಲಿ, ಹುಲ್ಲುಗುಡ್ಡದ ಅಂಚಲ್ಲಿ, ಯಾರ ಬೆಳೆಯನ್ನೂ ಮುಟ್ಟದೆ ತಲೆ ತಗ್ಗಿಸಿ ಮೇಯುತ್ತಿರುವ ಕಡವೆಯ ಮೇಲೆ.

ಇಲ್ಲಿ ಬಾಬಾಸಾಹೇಬರ 'ಬುದ್ಧ ಮತ್ತು ಆತನ ಧಮ್ಮ' ನನಗೆ ದಾರಿ ತೋರಿಸಿತು. ಅವರ ಮಹಾಪರಿನಿಬ್ಬಾಣದ ನಂತರ 1957ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ ಅಹಿಂಸೆಯನ್ನು ಕುರಿತು ಎರಡು ಮುಖ್ಯ ವಿಚಾರಗಳಿವೆ. ಬುದ್ಧರು ಅಹಿಂಸೆಯನ್ನು ಕಟ್ಟಳೆಯಾಗಿ ಹೇಳಲಿಲ್ಲ, ತತ್ವವಾಗಿ ಹೇಳಿದರು ಎಂಬುದು ಒಂದು. ಕೊಲ್ಲಬೇಕಾದ ಅಗತ್ಯ ಬೇರೆ, ಕೊಲ್ಲುವ ಇಚ್ಛೆ ಬೇರೆ ಎಂಬುದು ಇನ್ನೊಂದು. ಕಟ್ಟಳೆ ನಮ್ಮ ಪರವಾಗಿ ತಾನೇ ತೀರ್ಮಾನಿಸಿಬಿಡುತ್ತದೆ. ತತ್ವ ಹಾಗಲ್ಲ, ಪ್ರತಿ ಸಲ ನಮ್ಮನ್ನೇ ಯೋಚಿಸಲು ಹಚ್ಚುತ್ತದೆ. ಮಗುವಿನ ಮೇಲೆ ನುಗ್ಗುವ ಹಂದಿಯನ್ನು ಹೊಡೆದವನನ್ನು ನಾವು ಕೊಲೆಗಡುಕ ಅನ್ನುವುದಿಲ್ಲ. ಅಲ್ಲಿ ಅಗತ್ಯವಿತ್ತು. ಆದರೆ ಅಗತ್ಯಕ್ಕೆ ಸಿದ್ಧತೆಯ ಪುರುಸೊತ್ತು ಇರುವುದಿಲ್ಲ. ಇಚ್ಛೆ ಮಾತ್ರ ಕೊರಿಯರ್ ಪೆಟ್ಟಿಗೆ ಬರುವವರೆಗೂ ಕಾಯುತ್ತದೆ.

ಪಾಲಿ ಅಟ್ಠಕಥೆಗಳು ಕೊಲ್ಲುವ ಕರ್ಮ ಪೂರ್ತಿಯಾಗಲು ಐದು ಅಂಗ ಹೇಳುತ್ತವೆ. ಜೀವಿಯೊಂದು ಇರಬೇಕು, ಅದು ಜೀವಿ ಎಂದು ತಿಳಿದಿರಬೇಕು, ಕೊಲ್ಲುವ ಚಿತ್ತವಿರಬೇಕು, ಪ್ರಯತ್ನ ನಡೆಯಬೇಕು, ಜೀವ ಹೋಗಬೇಕು. ಕುದುರೆ ಎಳೆದಾಗಲೇ ಪ್ರಯತ್ನ ಶುರು ಎಂದು ನಾನು ತಿಳಿದಿದ್ದೆ. ಈ ವಾರ ಹಾಗನ್ನಿಸುತ್ತಿಲ್ಲ. ಲೇತ್ ಅಂಗಡಿಯಲ್ಲಿ ಮೊದಲ ತೂತು ಕೊರೆದಾಗಲೇ ಅದು ಶುರುವಾಗಿರುತ್ತದೆ. ಕಾಗದಕ್ಕೆ ಹೊಡೆಯುವ ಒಂದೊಂದು ಈಡಿನಲ್ಲೂ ಚಿತ್ತ ಗಟ್ಟಿಯಾಗುತ್ತದೆ. ಕಡವೆ ಎದುರು ಬಂದಾಗ ತೀರ್ಮಾನಿಸಲು ಏನೂ ಉಳಿದಿರುವುದಿಲ್ಲ.

ಎಂ.ಎ. ಓದುವಾಗ ಪಾಠವಾಗಿದ್ದ ಜನ್ನನ 'ಯಶೋಧರ ಚರಿತೆ' ಇದೇ ಕಾರಣಕ್ಕೆ ನೆನಪಾಯಿತು. 1209ರ ಆ ಜೈನ ಕಾವ್ಯದಲ್ಲಿ ರಾಜ ನಿಜವಾದ ಕೋಳಿಯನ್ನೂ ಕೊಲ್ಲುವುದಿಲ್ಲ. ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆದರೂ ಆ ಸಂಕಲ್ಪ ಅವನನ್ನು ಜನ್ಮಜನ್ಮಕ್ಕೂ ಅಟ್ಟಿಸಿಕೊಂಡು ಬರುತ್ತದೆ. ಆ ಜನ್ಮಾಂತರದ ಲೆಕ್ಕ ನಮ್ಮದಲ್ಲ. ಆದರೆ ಮನಸ್ಸಿನಲ್ಲಿ ಎತ್ತಿದ ಕತ್ತಿಗೂ ತೂಕವಿದೆ ಎಂಬ ಮಾತು ನಮ್ಮದೂ ಹೌದು.

ಅಕ್ಕನ ಮಗನ ಹತ್ತಿರವೂ ವಾದಗಳಿದ್ದವು. "ದುರ್ಬೀನು ಇದ್ರೆ ಒಂದೇ ಗುಂಡಿಗೆ ಬೀಳ್ತದೆ ಮಾವ. ಗಾಯ ಆಗಿ ಮೂರು ದಿನ ನರಳೋದು ತಪ್ತದೆ. ಅದು ಕರುಣೆ ಅಲ್ವಾ?" ಇದನ್ನು ತಳ್ಳಿಹಾಕಲಾರೆ. ಕೊಲ್ಲಲೇಬೇಕಾದ ಸ್ಥಿತಿಯಲ್ಲಿ ನರಳಿಸದೆ ಕೊಲ್ಲುವುದು ಮೇಲು. ಮನುಷ್ಯರ ಪ್ರಾಣಕ್ಕೆ ಎರವಾದ ಪ್ರಾಣಿಯನ್ನು ಆದೇಶದ ಮೇಲೆ ಕೊಲ್ಲಲು ಹೋದವನಿಗೆ ಒಳ್ಳೆಯ ಗುರಿ ಇರಲಿ ಎಂದೇ ನಾನೂ ಹೇಳುತ್ತೇನೆ. ಆದರೆ ಆ ಕರುಣೆಗೆ ಕಡವೆಯನ್ನು ಕೊಲ್ಲುವುದು ಮೊದಲೇ ತೀರ್ಮಾನವಾಗಿರಬೇಕು. ಹೇಗೆ ಕೊಲ್ಲುವುದು ಎಂಬ ಉತ್ತರ, ಯಾಕೆ ಕೊಲ್ಲುವುದು ಎಂಬ ಪ್ರಶ್ನೆಯನ್ನು ಮುಚ್ಚಿಬಿಡುತ್ತದೆ.

"ಕಡವೆ ಗದ್ದೆಗೂ ಇಳಿಯುತ್ತಲ್ಲ" ಎಂದೂ ಕೇಳಿದ. ಇಳಿಯುತ್ತದೆ, ನಷ್ಟವೂ ಆಗುತ್ತದೆ. ಅದಕ್ಕೆ ಬೇಲಿ ಇದೆ, ಕಾವಲು ಇದೆ, ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಇದೆ. ಅರ್ಜಿ ಬೇಗ ಮುಂದೆ ಹೋಗುವುದಿಲ್ಲ ಎಂಬುದೂ ಗೊತ್ತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡವೆ ಬೇಟೆ ಅಪರಾಧ. ಬೆಳೆ ಹಾಳುಮಾಡುವ ಪ್ರಾಣಿಯನ್ನು ಕೊಲ್ಲುವುದಕ್ಕೂ ಲಿಖಿತ ಅನುಮತಿ ಬೇಕು. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಪಕ್ಕದಲ್ಲೇ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕೇಸು ಬಿದ್ದರೆ ದುಡ್ಡಿದ್ದವರು ಹೇಗೋ ಹೊರಗೆ ಬರಬಹುದು. ಎರಡೂವರೆ ಎಕರೆಯವನ ಗತಿ ಏನು?

ಇವೆಲ್ಲದರ ಆಚೆ, ನನ್ನ ಕೈ ನಡುಗಿದ್ದಕ್ಕೆ ಬೇರೆ ಕಾರಣವಿತ್ತು. ನನ್ನ ಅಪ್ಪ ತೋಟದ ಲೈನಿನಲ್ಲಿದ್ದವರು. ಬೇಟೆಯ ದಿನ ಕೋವಿ ಇದ್ದವರು ಬಿಲ್ಲಿಗೆ ನಿಲ್ಲುತ್ತಿದ್ದರು. ನಮ್ಮವರು ಹಳು ನುಗ್ಗಿ, ಕೂಗಿ, ತಗಡು ಬಡಿದು ಪ್ರಾಣಿಗಳನ್ನು ಅವರ ಕಡೆ ಅಟ್ಟುತ್ತಿದ್ದರು. ಅಂದರೆ ನಮ್ಮವರು ಯಾವಾಗಲೂ ಕೋವಿಯ ಎದುರು ಬದಿಯಲ್ಲಿ. ಒಂದು ಸಲ ಪೊದೆ ಅಲುಗಿದ್ದನ್ನು ಕಂಡು ಯಾರೋ ಹೊಡೆದರು. ಚರೆ ಅಪ್ಪನ ಮೀನಖಂಡಕ್ಕೆ ಹೊಕ್ಕಿತು. ಆ ದಿನದ ಪಾಲಿನಲ್ಲಿ ಅಪ್ಪನಿಗೆ ಒಂದು ತೊಡೆ ಮಾಂಸ ಹೆಚ್ಚು ಬಂತು. ಪರಿಹಾರ ಅಂದರೆ ಅಷ್ಟೇ. ಎರಡು ಚರೆ ಕಾಲಲ್ಲೇ ಉಳಿದವು. ಮಳೆಗಾಲದಲ್ಲಿ ನೋವು ಬಂದಾಗ ಅಪ್ಪ ಅದನ್ನು ಹೆಬ್ಬೆರಳಿನಿಂದ ಒತ್ತಿಕೊಂಡು ಕೂರುತ್ತಿದ್ದರು. ಹೊಡೆದವರನ್ನು ಬೈದದ್ದು ನಾನು ಕೇಳಿಲ್ಲ. "ಕಂಡಿರಲಿಲ್ಲವಂತೆ" ಎಂದಷ್ಟೇ ಹೇಳುತ್ತಿದ್ದರು.

ದುರ್ಬೀನಿದ್ದರೆ ಕಾಣುತ್ತಿತ್ತಲ್ಲ ಎಂದು ಕೇಳಬಹುದು. ಆ ಗಾಜು ಒಂದು ಸಣ್ಣ ವೃತ್ತವನ್ನು ದೊಡ್ಡದು ಮಾಡುತ್ತದೆ, ಸುತ್ತಲಿನ ಉಳಿದೆಲ್ಲವನ್ನೂ ಮರೆಮಾಡುತ್ತದೆ. ಕಡವೆಯ ಹಿಂದೆ ಸೌದೆಗೆ ಬಂದವರಿದ್ದರೆ ಅದರಲ್ಲಿ ಕಾಣುವುದಿಲ್ಲ. ಒಂಟಿ ಗುಂಡು ಕಡವೆಯನ್ನು ತಪ್ಪಿದರೆ ಬಹಳ ದೂರ ಹೋಗುತ್ತದೆ.

ನಮ್ಮ ಬುದ್ಧರು ಮೊದಲ ಧಮ್ಮೋಪದೇಶ ಮಾಡಿದ ಸಾರನಾಥ ಜಿಂಕೆಗಳ ವನ. ಧಮ್ಮಚಕ್ರದ ಎರಡು ಬದಿಗೆ ಜಿಂಕೆಗಳನ್ನು ಕೆತ್ತುವುದು ಅದಕ್ಕೇ. ನಿಗ್ರೋಧಮಿಗ ಜಾತಕದಲ್ಲಿ ಗಬ್ಬದ ಜಿಂಕೆಯ ಸರದಿಗೆ ಬದಲಾಗಿ ಜಿಂಕೆಗಳ ರಾಜನೇ ಬಂದು ಕೊರಳು ಒಡ್ಡುತ್ತಾನೆ. ಅದನ್ನು ಕಂಡು ರಾಜನ ಮನಸ್ಸು ತಿರುಗುತ್ತದೆ. ಅಲ್ಲಿ ಜಿಂಕೆಯ ಕಡೆ ನಿಂತು ನೋಡಿದ್ದಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲೂ ಎಲ್ಲ ಜೀವಿಗಳ ಮೇಲೆ ದಯೆ ಇಡುವ ಮಾತಿದೆ. ಗುರಿಯ ಬದಿಯಲ್ಲಿ ನಿಂತು ಬಂದ ನಮಗೆ ಅದನ್ನು ಬೇರೆಯವರು ವಿವರಿಸಬೇಕಿಲ್ಲ.

ಒಂದು ಪ್ರಶ್ನೆ ಮಾತ್ರ ಉಳಿದಿದೆ. "ನೀವು ಅಂಗಡಿ ಮಾಂಸ ತಿಂತೀರಲ್ಲ ಮಾವ, ಅದನ್ನ ಕೊಂದೋರು ಯಾರು?" ಎಂದು ಅವನು ಕೇಳಿದ. ನನ್ನ ಬದಲು ಇನ್ನೊಬ್ಬರು ಕೊಂದರು ಎಂದಷ್ಟೇ ಹೇಳಬಲ್ಲೆ. ಅದು ನನಗೇ ಸಾಕಾಗದ ಉತ್ತರ. ಆದರೆ ನನ್ನ ತಟ್ಟೆ ಪೂರ್ತಿ ಶುದ್ಧವಾಗುವವರೆಗೆ ಅವನ ಕೈ ಹಿಡಿಯಬಾರದು ಎಂದೇನೂ ಇಲ್ಲ. ಇಬ್ಬರೂ ಒಂದೊಂದು ಹೆಜ್ಜೆ ಇಡಬಹುದು.

ಪೆಟ್ಟಿಗೆ ಈಗ ಅಕ್ಕನ ಮನೆಯ ಬೀರುವಿನ ಮೇಲಿದೆ. ಲೇತ್ ಅಂಗಡಿಗೆ ಇನ್ನೂ ಹೋಗಿಲ್ಲ. ನಿನ್ನೆ ಫೋನಿನಲ್ಲಿ "ನೋಡ್ತೀನಿ ಮಾವ" ಎಂದ. ನಾನು ಒತ್ತಾಯ ಮಾಡಲಿಲ್ಲ. ತಾತನ ಕಾಲಿನ ಚರೆಯ ಕಥೆ ಅವನಿಗೆ ಗೊತ್ತಿರಲಿಲ್ಲ. ಅದನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತು ಬರಲಿಲ್ಲ.

ಇಂದು ಯೋಚಿಸಲು: ನಮ್ಮ ಮನೆಯಲ್ಲಿ, ಕೈಯಲ್ಲಿ, ನಾಲಿಗೆಯಲ್ಲಿ ಇರುವ ಯಾವ ಆಯುಧ ಅಗತ್ಯಕ್ಕೆ ಬಂದದ್ದು, ಯಾವುದಕ್ಕೆ ನಾವು ಮೆಲ್ಲಗೆ ಗುರಿ ಕೂರಿಸುತ್ತಿದ್ದೇವೆ? ಸಂಜೆ ವಂದನೆಯಲ್ಲಿ ಮೊದಲ ಶೀಲ ಹೇಳುವಾಗ ಒಂದು ಕ್ಷಣ ನಿಂತು ನೋಡಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.