ದಾನವೂ ಪಾಲನೆಯೂ

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಮಾತು ಪರಿಚಿತವಾಗಿರುವುದು. ದಾನ, ಪಾಲನೆ ಇವೆರಡರಲ್ಲಿ ಪಾಲನೆಯೇ ಮೇಲು. ಕೊಟ್ಟವನು ಸ್ವರ್ಗವನ್ನು ಪಡೆದರೆ, ಕಾಪಾಡಿದವನು ಅದಕ್ಕಿಂತಲೂ ಮಿಗಿಲಾದ, ಚ್ಯುತಿಯಿಲ್ಲದ ಪದವಿಯನ್ನು ಪಡೆಯುವನೆಂಬುದು ಅದರ ಭಾವ. ಮೊದಲ ನೋಟಕ್ಕೆ ಇದು ವಿಚಿತ್ರವಾಗಿಯೇ ತೋರುತ್ತದೆ. ತನ್ನ ಸ್ವತ್ತನ್ನು ತ್ಯಾಗಮಾಡಿದವನಿಗಿಂತ, ಇನ್ನೊಬ್ಬನು ಕೊಟ್ಟುದನ್ನು ಕೆಡದಂತೆ ನೋಡಿಕೊಂಡವನು ಹೇಗೆ ದೊಡ್ಡವನಾದಾನು? ಮುಂದಿನ ಅರಸರು ದತ್ತಿಯನ್ನು ಕಸಿದುಕೊಳ್ಳದಿರಲೆಂದು ಹೂಡಿದ ಉಪಾಯ ಮಾತ್ರವೇ ಇದು? ಇಲ್ಲವೆ ಇದರಲ್ಲಿ ಒಂದು ಧರ್ಮಸೂಕ್ಷ್ಮವು ಅಡಗಿರುವುದೇ?

ಕೆರೆಯೊಂದನ್ನು ದೃಷ್ಟಾಂತವಾಗಿ ತೆಗೆದುಕೊಳ್ಳೋಣ. ವಿಜಯನಗರದ ಮೊದಲನೆಯ ಬುಕ್ಕರಾಯನ ಮಗನಾದ ಭಾಸ್ಕರನು ಈಗಿನ ಆಂಧ್ರದ ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಒಂದು ದೊಡ್ಡ ಕೆರೆಯನ್ನು ಕಟ್ಟಿಸಿದನು. ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ಅಲ್ಲಿ ದುಡಿದುವೆಂದು 1369ರ ಶಾಸನವು ಹೇಳುತ್ತದೆ. ಆ ಕಾರ್ಯವು ಮಹತ್ತಾದುದೇ ಸರಿ; ಆದರೆ ಎರಡು ವರ್ಷಕ್ಕೆ ಅದು ಮುಗಿಯಿತು. ಹೂಳೆತ್ತುವ ಕಾರ್ಯಕ್ಕಾದರೋ ಮುಗಿವೆಂಬುದೇ ಇಲ್ಲ. ಪ್ರತಿ ಮಳೆಗಾಲವೂ ನೀರಿನೊಡನೆ ಮಣ್ಣನ್ನು ತರುತ್ತದೆ, ಏರಿ ಬಿರಿಯುತ್ತದೆ, ತೂಬು ಸವೆಯುತ್ತದೆ. ಇದನ್ನರಿತೇ ನಮ್ಮ ಹಿರಿಯರು ಕೆರೆಯ ಸಂರಕ್ಷಣೆಗೆಂದು ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳನ್ನು ಏರ್ಪಡಿಸಿದರು.

ಈಗ ಶಾಸನದ ಮಾತಿನ ಅರ್ಥವು ತಿಳಿಯಾಗುತ್ತದೆ. ದಾನವು ಒಂದು ದಿನದ ಉತ್ಸಾಹದಿಂದ ನಡೆಯಬಹುದು. ಪಾಲನೆಗೆ ದಿನದಿನದ ನಿಷ್ಠೆ ಬೇಕು. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ನಿಲ್ಲುತ್ತದೆ; ಹೂಳನ್ನು ಹೊತ್ತವನ ಹೆಸರನ್ನು ಬಲ್ಲವರಾರು? ಕೀರ್ತಿಯ ಆಸೆಯಿಲ್ಲದೆ, ಪರರ ಹೆಸರಿನಲ್ಲಿರುವುದನ್ನು ಪರರಿಗಾಗಿ ಉಳಿಸುವುದರಿಂದಲೇ ಪಾಲನೆಯು ಹಿರಿದಾದುದು.

ಈ ನಿಷ್ಠೆ ತಪ್ಪಿದಲ್ಲಿ ಏನಾಗುವುದೆಂಬುದಕ್ಕೆ ಬೆಂಗಳೂರೇ ಸಾಕ್ಷಿ. ಧರ್ಮಾಂಬುಧಿ ಕೆರೆಯಿದ್ದ ನೆಲದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯಿದ್ದೆಡೆಯಲ್ಲಿ ಕ್ರೀಡಾಂಗಣವೆದ್ದಿದೆ. ಬೆಳ್ಳಂದೂರು ಕೆರೆಗೆ ನಗರದ ಕೊಳಚೆಯು ಸೇರಿ ನೊರೆಯು ಬೀದಿಗೆ ಹಾರಿತು; 2017ರಲ್ಲಿಯೂ 2018ರಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಹೊತ್ತಿತು. ನೀರೇ ಉರಿಯಿತೆಂದು ಜನರು ಬೆರಗಾದರು. 2024ರ ಬೇಸಿಗೆಯಲ್ಲಿ ಅದೇ ನಗರದ ಅನೇಕ ಕೊಳವೆಬಾವಿಗಳು ಬತ್ತಿ, ಮನೆಮನೆಯಲ್ಲಿಯೂ ನೀರಿನ ಚಿಂತೆ ಹುಟ್ಟಿತು. ಈ ಕೆರೆಗಳನ್ನು ಕೊಲ್ಲಬೇಕೆಂದು ಯಾರೂ ಸಂಕಲ್ಪಿಸಿರಲಿಲ್ಲ. ಒಬ್ಬೊಬ್ಬರೂ ತಮ್ಮ ತಮ್ಮ ಬಚ್ಚಲ ನೀರನ್ನು ಹರಿಯಬಿಟ್ಟರು, ಅಷ್ಟೆ.

ಕೆರೆಗೆ ಹೂಳು ತುಂಬುವಂತೆಯೇ ಆಕಾಶಕ್ಕೂ ತುಂಬುವುದುಂಟು. ಯಂತ್ರಯುಗಕ್ಕೆ ಮೊದಲು ಹತ್ತು ಲಕ್ಷ ಪಾಲು ವಾಯುವಿನಲ್ಲಿ ಇಂಗಾಲಾಮ್ಲವು ಸುಮಾರು 280 ಪಾಲಿದ್ದಿತು. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದುದರಿಂದ, ಕಾಡುಗಳನ್ನು ಕಡಿದುದರಿಂದ, ಇಂದು ಅದು 420ನ್ನು ಮೀರಿದೆ. ಈ ಅನಿಲವು ಭೂಮಿಯ ಶಾಖವನ್ನು ಹೊರಗೆ ಹೋಗಗೊಡದೆ ತಡೆಯುತ್ತದೆ. 2024ರಲ್ಲಿ ಭೂಮಂಡಲದ ಸರಾಸರಿ ಉಷ್ಣತೆಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿದ್ದುದಕ್ಕಿಂತ ಸುಮಾರು 1.5 ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚಾಗಿದ್ದಿತು. ಇಲ್ಲಿಯೂ ಯಾರೊಬ್ಬರ ದುಷ್ಟಸಂಕಲ್ಪವೂ ಕಾಣದು, ಪಾಲಿಸುವವರಿಲ್ಲದುದೇ ಕಾಣುವುದು.

ಒಂದು ಆಕ್ಷೇಪವುಂಟು: ಇನ್ನೂ ಹುಟ್ಟದವರು ನಮಗೇನು ಮಾಡಿರುವರು? ಅವರಿಗಾಗಿ ನಾವೇಕೆ ಕಷ್ಟಪಡಬೇಕು? ಸಮಾಧಾನವಿಷ್ಟೆ: ಕೆರೆ ಕಟ್ಟಿದವರಿಗೆ ನಾವೇನು ಮಾಡಿದ್ದೆವು? ತೀರಿಹೋದವರ ಋಣವನ್ನು ಅವರಿಗೇ ಹಿಂದಿರುಗಿಸಲಾಗದು. ಬರುವವರಿಗೆ ಸಲ್ಲಿಸಿಯೇ ಅದನ್ನು ತೀರಿಸಬೇಕು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು: ಇಂದಿನ ಒಲೆಗೆ ಸೌದೆಯಿಲ್ಲದ ಬಡವನಿಗೆ ನಾಳೆಯ ಜಗತ್ತಿನ ಉಪದೇಶವು ನ್ಯಾಯವೇ? ನ್ಯಾಯವಲ್ಲ. ಹೆಚ್ಚು ನೀರುಂಡ ಗದ್ದೆಯವನು ಹೆಚ್ಚು ಹೂಳನ್ನು ಹೊರತಕ್ಕುದು ಧರ್ಮ. ದೀಪ, ವಾಹನ, ತಂಪುಯಂತ್ರಗಳ ಸುಖವನ್ನುಂಡ ನಮ್ಮಂಥ ಮನೆಗಳವರೇ ಮೊದಲು ಬುಟ್ಟಿಗೆ ಕೈಹಚ್ಚಬೇಕು. ಈ ಮಾತನ್ನು ಬರೆಯುತ್ತಿರುವವನೂ ಇದಕ್ಕೆ ಹೊರತಲ್ಲ.

ಭೂಮಿಯನ್ನು ದಾನಮಾಡುವ ಯೋಗ್ಯತೆಯು ನಮಗಿಲ್ಲ. ನಮ್ಮಲ್ಲಿ ಯಾರೂ ಅದನ್ನು ಕಟ್ಟಿದವರಲ್ಲ. ನಮಗೆ ಉಳಿದಿರುವ ಪುಣ್ಯವೊಂದೇ, ಅದು ಪಾಲನೆ. ಶಾಸನಗಳನ್ನು ಬರೆಯಿಸಿದವರ ಮಾತು ನಿಜವಾದರೆ, ಎರಡರಲ್ಲಿ ಹಿರಿದಾದುದೇ ನಮ್ಮ ಪಾಲಿಗೆ ಬಂದಿದೆ.